ಸೋಮವಾರ ಪಾಸ್ಟರ್ ಫೋನ್ ಎತ್ತಲಿಲ್ಲ

ಕಳೆದ ಸೋಮವಾರ ಬೆಳಗಾವಿ ಬಳಿಯ ಮಚ್ಛೆಯಲ್ಲಿ ಒಬ್ಬ ಪಾಸ್ಟರ್ ಎರಡು ಗಂಟೆ ಫೋನ್ ಎತ್ತಲಿಲ್ಲ. ಮಗಳ ಶಾಲೆಯಲ್ಲಿ ಪಾಲಕರ ಸಭೆ ಇತ್ತು, ಹೋಗಿದ್ದರು. ಅದರ ವಿಚಾರಣೆ ಬುಧವಾರದ ಮನೆಪ್ರಾರ್ಥನೆಯ ತನಕ ನಡೆಯಿತು. "ಸಭಾದ ರೊಕ್ಕದಾಗ ಪಗಾರ ತಗೋತಾರ, ಒಂದು ಫೋನ್ ಎತ್ತಾಕ ಆಗಂಗಿಲ್ಲೇನ್ರಿ?" ಎಂದರು ಕಮಿಟಿಯ ಹಿರಿಯರೊಬ್ಬರು. ಅವರ ಮನೆಯಲ್ಲಿ ಯಾರೂ ಆಸ್ಪತ್ರೆಯಲ್ಲಿರಲಿಲ್ಲ, ಯಾರೂ ತೀರಿಕೊಂಡಿರಲಿಲ್ಲ. ಹೊಸ ಮನೆಯ ಪ್ರತಿಷ್ಠೆಗೆ ಯಾವಾಗ ಬರುತ್ತೀರಿ ಎಂದು ಕೇಳಬೇಕಿತ್ತಂತೆ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಉದ್ಯಮಬಾಗದಿಂದ ಮಚ್ಛೆಯವರೆಗೆ ಖಾನಾಪುರ ರಸ್ತೆಗುಂಟ ಕಾರ್ಖಾನೆಗಳಿವೆ. ಅಲ್ಲಿ ದುಡಿಯುವವರಿಗೆ ವಾರಕ್ಕೆ 48 ಗಂಟೆ, ಒಂದು ದಿನ ರಜೆ ಎಂದು 1948ರ ಕಾಯ್ದೆಯೇ ಗೆರೆ ಎಳೆದಿತ್ತು. ಅದೇ ಕಾರ್ಖಾನೆಗಳಿಂದ ಭಾನುವಾರ ರಜೆ ಹಾಕಿಕೊಂಡು ನಾವು ಆರಾಧನೆಗೆ ಬರುತ್ತೇವೆ. ನಮ್ಮ ರಜೆಯೇ ಪಾಸ್ಟರರ ಅತಿ ದೊಡ್ಡ ಕೆಲಸದ ದಿನ. ಬೆಳಿಗ್ಗೆ ಪ್ರಸಂಗ, ಆಮೇಲೆ ಸಂಡೇ ಸ್ಕೂಲ್, ಮಧ್ಯಾಹ್ನ ರೋಗಿಗಳ ಭೇಟಿ, ಸಂಜೆ ಖಾನಾಪುರದ ಕಡೆ ಯಾವುದೋ ಹಳ್ಳಿಯಲ್ಲಿ ಕೂಟ. ಆ ಮನುಷ್ಯನಿಗೆ ಸೋಮವಾರವನ್ನೂ ಬಿಟ್ಟುಕೊಡದಿದ್ದರೆ ಹೇಗೆ?

ಮದುವೆಯಾಗದ ಕಥೋಲಿಕ ಪಾದ್ರಿಗಳಿಗೇ 1983ರ ಧರ್ಮಸಭಾ ಕಾನೂನು ವರ್ಷಕ್ಕೆ ಒಂದು ತಿಂಗಳ ರಜೆಗೆ ಅವಕಾಶ ಕೊಟ್ಟಿದೆ. ಪೋಪ್ ಫ್ರಾನ್ಸಿಸ್ 2014ರ ಕ್ರಿಸ್‌ಮಸ್ ಮುಂದೆ ತಮ್ಮ ಆಡಳಿತದ ಹಿರಿಯರನ್ನು ಕೂರಿಸಿಕೊಂಡು ಹದಿನೈದು ಕಾಯಿಲೆಗಳನ್ನು ಹೆಸರಿಸಿದರು; ಬಿಡುವಿಲ್ಲದ ದುಡಿತ ಅವುಗಳಲ್ಲೊಂದು. ಹೆಂಡತಿ ಮಕ್ಕಳಿರುವ ನಮ್ಮ ಪಾಸ್ಟರರಿಗೆ ಮಾತ್ರ ಅದು ಕಾಯಿಲೆಯಲ್ಲ, ಭಕ್ತಿಯ ಗುರುತು.

ಇದು ಇಂದಿನ ರೋಗವಲ್ಲ. ಮಿಷನರಿಗಳ ಕಾಲದಿಂದಲೂ ಇದೆ. ಬಾಸೆಲ್ ಮಿಷನ್ನಿನ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಆ ದುಡಿಮೆಗೆ ನಾವು ಕೈ ಮುಗಿಯುತ್ತೇವೆ, ಮುಗಿಯಲೇಬೇಕು. ಆದರೆ ಅದೇ 1853ರಲ್ಲಿ ಬಾಸೆಲ್ ಊರಿನಲ್ಲಿ ಮಿಷನರಿಗಳ ಮಕ್ಕಳಿಗಾಗಿ ಒಂದು ವಸತಿಗೃಹ ತೆರೆಯಿತು. ಅಪ್ಪ ಅಮ್ಮ ಧಾರವಾಡದಲ್ಲಿ, ಮಂಗಳೂರಿನಲ್ಲಿ ಸೇವೆ ಮಾಡಬೇಕು. ಮಕ್ಕಳು ಸಮುದ್ರದಾಚೆ ಬೆಳೆಯಬೇಕು. ಅದಕ್ಕೂ ಮೊದಲೇ, 1842ರಲ್ಲಿ ತಲಶ್ಶೇರಿಯ ಬಳಿ ಹುಟ್ಟಿದ, ಅದೇ ಮಿಷನ್ನಿನ ಗುಂಡರ್ಟ್‌ರ ಮಗಳು ಮಾರಿಯನ್ನು ಪುಟ್ಟ ಮಗುವಾಗಿದ್ದಾಗಲೇ ಯುರೋಪಿನಲ್ಲಿ ಬಿಟ್ಟುಬಂದಿದ್ದರು. ಆಕೆ ತಾಯ್ತಂದೆಯರ ಬಳಿಗೆ ಮರಳಿದ್ದು ಹದಿಹರೆಯದಲ್ಲಿ. ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯನ್ನು ಹೆತ್ತ ತಾಯಿ ಅವರೇ. ನಿಘಂಟಿನ ಪುಟಗಳನ್ನು ಎಣಿಸಿದ ನಾವು ಆ ಮಕ್ಕಳು ಒಂಟಿಯಾಗಿ ಮಲಗಿದ ರಾತ್ರಿಗಳನ್ನು ಎಣಿಸಲಿಲ್ಲ.

ಬುಧವಾರದ ಕೂಟದಲ್ಲಿ ಹಿರಿಯರು ಮೋಶೆಯ ಉದಾಹರಣೆ ಕೊಟ್ಟರು: ಬೆಳಿಗ್ಗೆಯಿಂದ ಸಂಜೆಯ ತನಕ ಜನರ ನ್ಯಾಯ ತೀರಿಸುತ್ತಿದ್ದನಂತೆ. ವಿಮೋಚನಕಾಂಡದ ಅದೇ ಹದಿನೆಂಟನೆಯ ಅಧ್ಯಾಯವನ್ನು ಮೇಲಿನಿಂದ ಓದಬೇಕಿತ್ತು. ಮಾವ ಇತ್ರೋ ಬಂದು, ನೀನು ಮಾಡುತ್ತಿರುವುದು ಸರಿಯಲ್ಲ, ಸವೆದು ಹೋಗುತ್ತೀ, ಹೊರೆ ಹಂಚಿಕೋ ಎಂದು ಗದರುತ್ತಾನೆ. ಆ ಬುದ್ಧಿಮಾತು ಎಲ್ಲರಿಗೂ ನೆನಪಿದೆ. ಇತ್ರೋ ಬರಿಗೈಯಲ್ಲಿ ಬಂದಿರಲಿಲ್ಲ ಎನ್ನುವುದು ನೆನಪಿಲ್ಲ. ಮೋಶೆ ತವರಿಗೆ ಕಳಿಸಿಬಿಟ್ಟಿದ್ದ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದಿದ್ದ. ಮೊದಲು ಸಂಸಾರವನ್ನು ಒಪ್ಪಿಸಿದ, ಮರುದಿನ ಆಡಳಿತದ ಮಾತಾಡಿದ.

ಪಾಸ್ಟರರ ಮಗಳ ಮಾತೊಂದು ನನ್ನ ಕಿವಿಯಲ್ಲಿದೆ. ಹೋದ ವರ್ಷ ಅವರ ಮನೆಗೆ ಹೋದಾಗ, "ಅಂಕಲ್, ಪಪ್ಪಾ ಮನ್ಯಾಗ ಅದಾರ, ಆದ್ರ ಯಾರದೋ ಮನೀ ಸಲುವಾಗಿ ಪ್ರಾರ್ಥನೆ ಮಾಡಾಕತ್ತಾರ" ಎಂದಿತ್ತು ಆ ಕೂಸು. ಫೋನಿನಲ್ಲಿ ನಡೆದಿತ್ತು ಆ ಪ್ರಾರ್ಥನೆ. ತಟ್ಟೆಯಲ್ಲಿ ರೊಟ್ಟಿ ಆರಿತ್ತು.

ಆ ಹಿರಿಯರಿಗೆ ಒಂದು ಅಂಗಡಿಯಿದೆ. ವಾರಕ್ಕೊಂದು ದಿನ ರಜೆ ಎಂದು ಷಟರಿನ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಸಿದ್ದಾರೆ. ಯಜಮಾನರೇ, ಅದನ್ನು ಬರೆದ ಪೇಂಟರನನ್ನು ಬರುವ ಸೋಮವಾರದೊಳಗೆ ಪಾಸ್ಟರರ ಮನೆ ಬಾಗಿಲಿಗೂ ಕಳಿಸಿಕೊಡಿ. ಕೂಲಿ ನಾನು ಕೊಡುತ್ತೇನೆ.