ಯಾರ ಕೈಗೆ ಯಾವ ಪುಸ್ತಕ?

ನಮ್ಮ ಅನೇಕ ಸಂಘಗಳ ವಾಚನಾಲಯಗಳಲ್ಲಿ ಒಂದು ಚಾಳಿಯಿದೆ. ದಪ್ಪ ರಟ್ಟಿನ ಸಿದ್ಧಾಂತ ಗ್ರಂಥಗಳನ್ನು ತಂದು ಬೀರುವಿನಲ್ಲಿ ಜೋಡಿಸುತ್ತಾರೆ. ಬೀಗ ಹಾಕಿ ಬೀಗದ ಕೈಯನ್ನು ಕಾರ್ಯದರ್ಶಿಯ ಜೇಬಿಗೆ ಸೇರಿಸುತ್ತಾರೆ. ವರ್ಷ ಕಳೆದ ಮೇಲೆ, ಕೂಲಿಕಾರರಿಗೆ ಓದುವ ಅಭಿರುಚಿಯೇ ಇಲ್ಲವೆಂದು ತೀರ್ಪು ಕೊಡುತ್ತಾರೆ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಹಸಿದವನ ಮುಂದೆ ಕಬ್ಬಿಣದ ಕಡಲೆ ಸುರಿದು, ಇವನಿಗೆ ಹಸಿವಿಲ್ಲವೆಂದರೆ ಹೇಗೆ?

ಪುಸ್ತಕ ಇರುವುದು ಬಳಕೆಗೆ, ಓದುವವರು ಯಾರೇ ಇರಲಿ ಅವರಿಗೆ ತಕ್ಕದ್ದು ದೊರೆಯಬೇಕು ಎಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಸೂತ್ರಗಳ ತಿರುಳು. ಆದ್ದರಿಂದ ಮೊದಲು ಓದುಗನನ್ನು ನೋಡಬೇಕು, ಆಮೇಲೆ ಪುಸ್ತಕವನ್ನು.

ಆರೇಳು ವರ್ಷದ ಮಗು ಕಿವಿಯಿಂದ ಓದುತ್ತದೆ. ಅದಕ್ಕೆ ಬೇಕಾದದ್ದು ದಪ್ಪ ಅಕ್ಷರ, ಚಿತ್ರ, ಗಟ್ಟಿಯಾಗಿ ಓದಿದರೆ ಕುಣಿಯುವ ಮಾತು. ರಾಜರತ್ನಂ ಅವರ ‘ತುತ್ತೂರಿ’, ಪಂಜೆಯವರ ಕಥೆಗಳು ಇಂಥವು. ಪುಟಕ್ಕೊಂದು ನೀತಿ ಹೇಳುವ ಪುಸ್ತಕ ಮಕ್ಕಳಿಗೆ ಕಷಾಯವೇ ಸರಿ. ಶಾಲೆಯಲ್ಲಿ ಪಾಠ ಹೇಳಿದ ವರ್ಷಗಳಲ್ಲಿ ನಾವು ಕಂಡದ್ದು ಇದನ್ನೇ. ಹತ್ತು ದಾಟಿದ ಮಗು ಏಕೆ, ಹೇಗೆ ಎಂದು ಕಾಡುತ್ತದೆ. ಅದಕ್ಕೆ ಕಾರಂತರ ‘ಬಾಲ ಪ್ರಪಂಚ’, ನಿರಂಜನರು ಸಂಪಾದಿಸಿದ ‘ಜ್ಞಾನ ಗಂಗೋತ್ರಿ’ ಉಂಟು. ಇಷ್ಟು ದೊಡ್ಡ ಸಂಪುಟಗಳನ್ನು ಕೂಲಿಯ ಮನೆ ಕೊಳ್ಳಲಾರದು; ವಾಚನಾಲಯವೇ ಕೊಳ್ಳಬೇಕು. ಮಕ್ಕಳು ಮೊಬೈಲು ಬಿಡುವುದಿಲ್ಲವೆಂದು ಗೊಣಗುವವರು, ಬದಲಿಗೆ ಅವರ ಕೈಗೆ ಏನು ಕೊಟ್ಟಿದ್ದೇವೆಂದು ಕೇಳಿಕೊಳ್ಳಲಿ.

ಹರೆಯದವರಿಗೆ ತೇಜಸ್ವಿಯವರ ‘ಕರ್ವಾಲೊ’ ಕೊಡಿ. ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿ ಅಲ್ಲಿ ಹಳ್ಳಿಯ ಮಂದಣ್ಣನ ಕಣ್ಣನ್ನು ನೆಚ್ಚುತ್ತಾನೆ. ಶಾಲೆ ಬಿಟ್ಟು ಗಿರಣಿ ಸೇರಿದ ಹುಡುಗನಿಗೆ ಇದಕ್ಕಿಂತ ಧೈರ್ಯ ಬೇಕೆ? ಪಾಳಿ ಮುಗಿಸಿ ಬಂದವನ ಕಣ್ಣು ದಣಿದಿರುತ್ತದೆ. ಕೆಲವು ಸಂಜೆಗಳಲ್ಲಿ ಮುಗಿಯುವ ‘ಚೋಮನ ದುಡಿ’ಯಿಂದ ಅವನು ತೊಡಗಲಿ. ಮುಂದೆ ‘ಚಿರಸ್ಮರಣೆ’ಗೆ ಬರಲಿ. 1943ರಲ್ಲಿ ನೇಣಿಗೇರಿದ ಕಯ್ಯೂರಿನ ನಾಲ್ವರು ರೈತವೀರರ ಕಥೆ ಓದಿದ ಮೇಲೆ ಸಿದ್ಧಾಂತ ಗ್ರಂಥವನ್ನು ಅವನೇ ಕೇಳಿ ಪಡೆಯುತ್ತಾನೆ.

ಗಿರಾಕಿಯಿಲ್ಲದ ಹೊತ್ತಿನಲ್ಲಿ ಅಂಗಡಿಯವನಿಗೆ ಮಾಸ್ತಿಯವರ ಸಣ್ಣ ಕತೆಗಳು ಹೊಂದುತ್ತವೆ. ತ್ರಿವೇಣಿಯವರ ‘ಶರಪಂಜರ’ವನ್ನು ಹೆಂಗಸರ ಕಾದಂಬರಿಯೆಂದು ತಳ್ಳುವವರು, ಅದು ಯಾರ ಮನೆಯ ನೋವು ಎಂಬುದನ್ನು ಯೋಚಿಸಲಿ. ಮುದುಕರಿಗೆ ಓದಿ ಹೇಳುವವರು ಬೇಕು. ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಬಲ್ಲವರಾದದ್ದು ಕೇಳಿಯೇ ಅಲ್ಲವೆ?

ಹಣವೆಲ್ಲಿ ಎಂದು ಕೇಳುವವರಿಗೆ ನಮ್ಮ ಉತ್ತರ ಇದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಮನೆ, ಅಂಗಡಿಗಳ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ನಾವು ತೆರುತ್ತಿದ್ದೇವೆ. ಬಾಡಿಗೆ ಮನೆಯವನೂ ಬಾಡಿಗೆಯೊಳಗೇ ಅದನ್ನು ತೆರುತ್ತಾನೆ. ಈ ಕರ ಎಷ್ಟು ವಸೂಲಾಯಿತು, ಗ್ರಂಥಾಲಯಕ್ಕೆ ಎಷ್ಟು ಸಂದಿತು, ಪುಸ್ತಕ ಆರಿಸಿದವರು ಯಾರು ಎಂದು ಪ್ರತಿ ಬಡಾವಣೆಯ ಜನ ತಮ್ಮ ನಗರಸಭಾ ಸದಸ್ಯರನ್ನು ಕೇಳಬೇಕು. ಸಂಘಗಳಾದರೋ ಇಂದೇ ಬೀರುವಿನ ಬೀಗ ತೆಗೆಯಲಿ. ಪಕ್ಕದಲ್ಲಿ ಒಂದು ನೋಟುಪುಸ್ತಕ ತೂಗುಹಾಕಲಿ. ತಮಗೆ ಬೇಕಾದ ಪುಸ್ತಕದ ಹೆಸರನ್ನು ಓದುಗರೇ ಅದರಲ್ಲಿ ಬರೆಯಲಿ, ಮಕ್ಕಳೂ ಬರೆಯಲಿ. ಮುಂದಿನ ಖರೀದಿ ಆ ಪಟ್ಟಿಯ ಪ್ರಕಾರ ನಡೆಯಲಿ.