ಸಾಕ್ಷಿ ಕೇಳದ ಶುಶ್ರೂಷೆ

ರಣರಂಗದಲ್ಲಿ ಗುಂಡೇಟು ತಿಂದು ಮರಳಿದ ಸಿಪಾಯಿಗೆ ಪದಕವುಂಟು, ಪಿಂಚಣಿಯುಂಟು, ಊರ ಬಾಗಿಲಲ್ಲಿ ಹೂಮಾಲೆಯುಂಟು. ಅದೇ ಸಮವಸ್ತ್ರವನ್ನು ತೊಟ್ಟು, ಅದೇ ಪ್ರತಿಜ್ಞೆಯನ್ನು ಮಾಡಿ, ಶತ್ರುವಿನ ಕೈಯಿಂದಲ್ಲದೆ ತನ್ನ ಪಲ್ಟಣದ ಒಡನಾಡಿಯ ಕೈಯಿಂದಲೋ ತನಗೆ ಹುಕುಂ ಕೊಡುವ ಮೇಲಧಿಕಾರಿಯ ಕೈಯಿಂದಲೋ ಮಾನಭಂಗಕ್ಕೆ ಗುರಿಯಾದವರಿಗೆ ಏನುಂಟು? ಬಹುಕಾಲದವರೆಗೆ ಈ ಪ್ರಶ್ನೆಗೆ ಮೌನವೇ ಉತ್ತರವಾಗಿದ್ದಿತು. ಆ ಮೌನವು ಒಡೆದ ದೇಶಗಳಲ್ಲಿ ಅಮೆರಿಕೆಯ ಸಂಯುಕ್ತ ಸಂಸ್ಥಾನವೊಂದು. ಅಲ್ಲಿ ಕಳೆದ ಮೂವತ್ತು ವರ್ಷಗಳಿಂದೀಚೆಗೆ ನಡೆದುದನ್ನು ವಾಚಕರ ಮುಂದಿಡಲು ಇಂದು ಲೇಖನಿಯನ್ನು ಹಿಡಿದಿದ್ದೇವೆ.

ಮನೆಯ ಜಗುಲಿಯಲ್ಲಿ ಹೆಣ್ಣುಮಕ್ಕಳೂ ಹುಡುಗರೂ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವೇಕೆ ಎಂದು ಕೆಲವು ಹಿರಿಯರು ಹುಬ್ಬುಗಂಟಿಕ್ಕಬಹುದು. ಅವರಲ್ಲಿ ನಮಗೆ ಗೌರವವುಂಟು. ಆದರೆ ಆ ಜಗುಲಿಗಳಿಂದಲೇ ಹುಡುಗರು, ಈಗ ಹುಡುಗಿಯರೂ, ಸೈನ್ಯಕ್ಕೆ ಹೊರಡುತ್ತಿದ್ದಾರೆ. ಸೈನ್ಯವನ್ನು ಕೊಂಡಾಡುವುದರಲ್ಲಿ ನಮ್ಮ ಪತ್ರಿಕೆಯು ಎಂದೂ ಹಿಂದೆ ಬಿದ್ದುದಿಲ್ಲ. ಕೊಂಡಾಡುವ ಬಾಯಿಗೆ ಕೇಳುವ ಹಕ್ಕೂ ಇರಬೇಕೆಂದು ನಾವು ತಿಳಿಯುತ್ತೇವೆ.

೧೯೯೧ನೆಯ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್ ನಗರದ ಒಂದು ಹೋಟೆಲಿನಲ್ಲಿ ಅಮೆರಿಕೆಯ ನೌಕಾಪಡೆಯ ವೈಮಾನಿಕರು ‘ಟೇಲ್‌ಹುಕ್’ ಎಂಬ ತಮ್ಮ ಸಂಘದ ವಾರ್ಷಿಕ ಸಮ್ಮೇಳನಕ್ಕೆ ಕೂಡಿದ್ದರು. ಆ ಸಮ್ಮೇಳನದಲ್ಲಿ ೮೩ ಮಂದಿ ಸ್ತ್ರೀಯರೂ ೭ ಮಂದಿ ಪುರುಷರೂ ಅತ್ಯಾಚಾರಕ್ಕೆ ಗುರಿಯಾದರೆಂದು ಮುಂದೆ ರಕ್ಷಣಾ ಇಲಾಖೆಯ ತನಿಖೆಯೇ ಹೇಳಿತು. ಅವರಲ್ಲೊಬ್ಬರು ಹೆಲಿಕಾಪ್ಟರ್ ನಡೆಸುತ್ತಿದ್ದ ಲೆಫ್ಟಿನೆಂಟ್ ಪೌಲಾ ಕಾಗ್ಲಿನ್. ಮೇಲಧಿಕಾರಿಗಳಿಗೆ ತಿಳಿಸಿಯೂ ಫಲ ಕಾಣದೆ, ೧೯೯೨ರಲ್ಲಿ ಅವರು ತಮ್ಮ ಹೆಸರನ್ನು ಹೇಳಿಯೇ ಲೋಕದ ಮುಂದೆ ನಿಂತರು. ನೌಕಾ ಇಲಾಖೆಯ ಮುಖ್ಯಸ್ಥರಾದ ಲಾರೆನ್ಸ್ ಗ್ಯಾರೆಟ್ ರಾಜೀನಾಮೆಯಿತ್ತರು. ಸೈನಿಕ ನ್ಯಾಯಾಲಯದಲ್ಲಿ ಮಾತ್ರ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ೧೯೯೪ರಲ್ಲಿ ಕಾಗ್ಲಿನ್ ಅವರೇ ನೌಕಾಪಡೆಗೆ ರಾಜೀನಾಮೆ ಕೊಟ್ಟರು. ಮಾಡಿದವರು ಉಳಿದು, ಅನುಭವಿಸಿದವರು ಹೊರನಡೆದ ಈ ರೀತಿಯು ಅಮೆರಿಕೆಗೆ ಮಾತ್ರ ಸೇರಿದುದಲ್ಲವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಗದ್ದಲದ ನಡುವೆ ಸದ್ದಿಲ್ಲದೆ ಆದ ಕೆಲಸವೊಂದುಂಟು. ನಮ್ಮ ಎಣಿಕೆಯಲ್ಲಿ ಅದೇ ಹೆಚ್ಚಿನದು. ಸೈನ್ಯದಲ್ಲಿದ್ದಾಗ ಇಂತಹ ಆಘಾತಕ್ಕೊಳಗಾದ ಸ್ತ್ರೀಯರಿಗೆ ಮಾಜಿ ಸೈನಿಕರ ಇಲಾಖೆಯು ಸಲಹೆ-ಚಿಕಿತ್ಸೆಗಳನ್ನು ಕೊಡಬೇಕೆಂದು ೧೯೯೨ರ ನವೆಂಬರಿನಲ್ಲಿ ಅಲ್ಲಿ ಕಾಯಿದೆಯಾಯಿತು. ೧೯೯೪ರಲ್ಲಿ ಅದು ಪುರುಷರಿಗೂ ವಿಸ್ತರಿಸಿತು. ಕಾಲಕ್ರಮದಲ್ಲಿ ಬೆಳೆದ ಆ ಏರ್ಪಾಡಿನ ತಿರುಳು ಹೀಗಿದೆ: ಈ ಕಾರಣದಿಂದ ಹುಟ್ಟಿದ ದೇಹದ ಅಥವಾ ಮನಸ್ಸಿನ ವ್ಯಾಧಿಗೆ ಚಿಕಿತ್ಸೆಯು ಉಚಿತ. ಅಂದು ದೂರು ಕೊಟ್ಟಿದ್ದಿರಾ ಎಂದು ಯಾರೂ ಕೇಳುವುದಿಲ್ಲ. ಕಾಗದಪತ್ರಗಳು ಬೇಕಾಗಿಲ್ಲ. ಪಿಂಚಣಿಯ ಅರ್ಹತೆಯೂ ಬೇಕಾಗಿಲ್ಲ. ಇಲಾಖೆಯ ಪ್ರತಿಯೊಂದು ದೊಡ್ಡ ಆಸ್ಪತ್ರೆಯಲ್ಲಿಯೂ ಇದಕ್ಕೆಂದೇ ಒಬ್ಬ ಸಂಯೋಜಕರಿರುತ್ತಾರೆ. ಚಿಕಿತ್ಸೆಗೆ ಬಂದ ಪ್ರತಿಯೊಬ್ಬ ಮಾಜಿ ಸೈನಿಕನನ್ನೂ, ಬಂದ ರೋಗವು ಮಂಡಿನೋವೇ ಆಗಿರಲಿ, ಇಂತಹದು ನಿಮಗೆ ಆಗಿದ್ದಿತೇ ಎಂದು ಮೆಲ್ಲನೆ ವಿಚಾರಿಸುವುದು ಅಲ್ಲಿಯ ನಿಯಮ. ಹಾಗೆ ಕೇಳಿದಾಗ ಸ್ತ್ರೀಯರಲ್ಲಿ ಸುಮಾರು ಮೂವರಲ್ಲೊಬ್ಬರು, ಪುರುಷರಲ್ಲಿ ಸುಮಾರು ಐವತ್ತರಲ್ಲೊಬ್ಬರು ಹೌದೆನ್ನುತ್ತಾರೆ. ಮೂವತ್ತು ನಲವತ್ತು ವರ್ಷ ಹೆಂಡತಿಗೂ ಗಂಡನಿಗೂ ಹೇಳದ ಮಾತು, ಒಬ್ಬರು ಕೇಳಿದರೆಂಬ ಕಾರಣದಿಂದಲೇ ಹೊರಬರುವುದುಂಟು.

ಸಾಕ್ಷಿಯನ್ನು ಕೇಳದೆ ಶುಶ್ರೂಷೆ ಮಾಡಿದರೆ ಸುಳ್ಳು ಹೇಳುವವರೂ ಬಂದಾರೆಂಬ ಶಂಕೆಯು ಸಹಜವೇ. ಆದರೆ ಕಾಲು ಮುರಿದುಕೊಂಡು ಬಂದವನನ್ನು ತಳ್ಳಿದವನಾರು, ಕಂಡವರಾರು ಎಂದು ತೀರ್ಮಾನಿಸುವವರೆಗೆ ಯಾವ ವೈದ್ಯನೂ ಪಟ್ಟಿ ಕಟ್ಟದೆ ಕೂಡುವುದಿಲ್ಲ. ಅಪರಾಧಿಯನ್ನು ದಂಡಿಸಲು ಸಾಕ್ಷಿ ಬೇಕು, ಬೇಕೇ ಬೇಕು. ನೊಂದವರನ್ನು ಉಪಚರಿಸಲು ಅದು ಬೇಡ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದುದರಿಂದಲೇ ಸಹಸ್ರಾರು ಜನರು ಆಸ್ಪತ್ರೆಯ ಮೆಟ್ಟಿಲನ್ನು ಏರದೆ ಹೋದರು.

ಸೈನ್ಯದಲ್ಲಾಗುವ ಈ ಗಾಯವು ಹೊರಗಿನದಕ್ಕಿಂತ ಏಕೆ ಆಳವಾಗುತ್ತದೆಂಬುದನ್ನು ಯೋಚಿಸಬೇಕು. ಅಲ್ಲಿ ಮನೆಗೆ ಓಡಿಹೋಗುವಂತಿಲ್ಲ. ಓಡಿದರೆ ಅದೇ ಒಂದು ಅಪರಾಧ. ಅತ್ಯಾಚಾರವೆಸಗಿದವನು ಮಾರನೆಯ ಬೆಳಗ್ಗೆ ಪರೇಡಿನಲ್ಲಿ ಪಕ್ಕದಲ್ಲಿಯೇ ನಿಂತಿರುತ್ತಾನೆ. ಯುದ್ಧ ಬಂದರೆ ಅವನ ಬಂದೂಕನ್ನೇ ನಂಬಬೇಕು. ದೂರು ಹೋಗಬೇಕಾದುದು ಅವನಿಗೂ ಇವರಿಗೂ ಒಡೆಯನಾದ ಅಧಿಕಾರಿಗೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಹಳ್ಳಿಯ ಮಾತು ಇದಕ್ಕೆಂದೇ ಹುಟ್ಟಿದಂತಿದೆ.

ನಾವು ವೈದ್ಯರಲ್ಲ, ಪಾಠಶಾಲೆಯ ಮಣೆಯಿಂದ ಎದ್ದು ಮೆಟ್ರಿಕ್ಯುಲೇಷನ್ ಮುಗಿಸಿ ಅಚ್ಚುಕೂಟಕ್ಕೆ ಬಂದವರು. ಓದಿ ತಿಳಿದುದನ್ನು ಮಾತ್ರ ಬರೆಯುತ್ತೇವೆ. ಬೋಸ್ಟನ್ ನಗರದ ಆಸ್ಪತ್ರೆಗೆ ಬಂದ ಸ್ತ್ರೀಯರನ್ನು ಕಂಡು ಮಾತನಾಡಿ ಆನ್ ಬರ್ಜೆಸ್, ಲಿಂಡಾ ಹೋಲ್ಮ್‌ಸ್ಟ್ರಮ್ ಎಂಬಿಬ್ಬರು ವಿದುಷಿಯರು ೧೯೭೪ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ನಿದ್ದೆಗೇಡು, ಬೆಚ್ಚಿಬೀಳುವುದು, ಜನರನ್ನು ಕಂಡರೆ ಭಯ, ತನ್ನ ಮೇಲೆಯೇ ಜುಗುಪ್ಸೆ ಇವೆಲ್ಲ ಸ್ವಭಾವದ ದೋಷವಲ್ಲ, ಆಘಾತದ ಲಕ್ಷಣಗಳು ಎಂಬುದು ಅದರಿಂದ ಸ್ಪಷ್ಟವಾಯಿತು. ಆಘಾತದ ನಂತರ ಮನಸ್ಸನ್ನು ಕಾಡುವ ಈ ವ್ಯಾಧಿಗೆ ೧೯೮೦ರಲ್ಲಿ ಅಮೆರಿಕೆಯ ಮನೋವೈದ್ಯರ ಗ್ರಂಥದಲ್ಲಿ ಪ್ರತ್ಯೇಕ ಸ್ಥಾನ ದೊರೆಯಿತು.

ನಮ್ಮ ಮನೆಗಳಲ್ಲಿ ಇದಕ್ಕೆ ಕೊಡುವ ಔಷಧವು ಒಂದೇ: “ಆದದ್ದು ಆಗಿಹೋಯಿತು, ಮರೆತುಬಿಡು.” ಹೇಳುವವರ ಕರುಣೆಯಲ್ಲಿ ಸಂದೇಹವಿಲ್ಲ, ಔಷಧದಲ್ಲಿ ಸಂದೇಹವುಂಟು. ೨೦೦೭ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಈ ವ್ಯಾಧಿಯಿಂದ ನರಳುತ್ತಿದ್ದ, ಸೈನ್ಯದಲ್ಲಿದ್ದ ಮತ್ತು ಸೈನ್ಯವನ್ನು ಬಿಟ್ಟಿದ್ದ, ೨೮೪ ಸ್ತ್ರೀಯರನ್ನು ಎರಡು ಪಂಗಡ ಮಾಡಲಾಯಿತು. ಎರಡು ಪಂಗಡಗಳಿಗೂ ವಾರಕ್ಕೊಮ್ಮೆ ತೊಂಬತ್ತು ನಿಮಿಷಗಳಂತೆ ಹತ್ತು ಭೇಟಿಗಳು. ಒಂದು ಪಂಗಡದವರು ಇಂದಿನ ತೊಡಕುಗಳನ್ನು ಕುರಿತು ಮಾತನಾಡಿದರು. ಮತ್ತೊಂದು ಪಂಗಡದವರು ತರಬೇತಾದ ಚಿಕಿತ್ಸಕರ ಮುಂದೆ ನಡೆದುದನ್ನೇ ಮತ್ತೆ ಮತ್ತೆ ಹೇಳಿ, ಹೆದರಿ ದೂರವಿಟ್ಟಿದ್ದ ಸ್ಥಳಗಳಿಗೂ ಕೆಲಸಗಳಿಗೂ ಮೆಲ್ಲಮೆಲ್ಲನೆ ಮರಳಿದರು. ಇಬ್ಬರಿಗೂ ಗುಣ ಕಂಡಿತು. ಎರಡನೆಯ ಪಂಗಡಕ್ಕೆ ಹೆಚ್ಚು. ನಡುವೆಯೇ ಬಿಟ್ಟುಹೋದವರು ಈ ಪಂಗಡದಲ್ಲಿ ಅಧಿಕವೆಂಬುದನ್ನೂ ಹೇಳಬೇಕು, ಏಕೆಂದರೆ ಈ ಹಾದಿ ಸುಲಭದ್ದಲ್ಲ. ಪ್ಯಾಟ್ರೀಷಿಯಾ ರೆಸಿಕ್ ಎಂಬ ವಿದುಷಿಯು ರೂಪಿಸಿದ ಇನ್ನೊಂದು ಕ್ರಮವುಂಟು. ಅದು “ತಪ್ಪು ನನ್ನದೇ”, “ನಾನು ಅಲ್ಲಿಗೆ ಹೋಗಬಾರದಾಗಿತ್ತು” ಎಂಬಂತಹ ಎದೆಯಲ್ಲಿ ಕೂತ ಮುಳ್ಳುಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸುತ್ತದೆ. ಗಾಯವು ವಾಸಿಯಾಗಬಲ್ಲದು ಎಂಬ ಈ ವಾರ್ತೆಯು ನೊಂದವರ ಕಿವಿಗೆ ಬೀಳಬೇಕು.

ಪುರುಷರ ಮಾತನ್ನು ಬೇರೆಯಾಗಿ ಹೇಳುವುದು ಅವಶ್ಯ. ೨೦೨೩ರ ಆರ್ಥಿಕ ವರ್ಷದಲ್ಲಿ ಅಮೆರಿಕೆಯ ಸೈನ್ಯದಲ್ಲಿ ಸುಮಾರು ೨೯,೦೦೦ ಮಂದಿ ಇಂತಹ ಅತ್ಯಾಚಾರಕ್ಕೊಳಗಾದರೆಂದು ಅಲ್ಲಿಯ ರಕ್ಷಣಾ ಇಲಾಖೆಯ ಅಂದಾಜು. ಅವರಲ್ಲಿ ಅರ್ಧಕ್ಕೆ ತುಸು ಕಡಮೆ ಪುರುಷರು. ಗಂಡಸಿಗೆ ಇಂತಹದು ಆಗುವುದೇ ಇಲ್ಲವೆಂದು ನಂಬುವ ಸಮಾಜದಲ್ಲಿ ಆ ಗಂಡಸು ಯಾರ ಬಳಿ ಹೋಗಬೇಕು?

ಅಮೆರಿಕೆಯನ್ನು ಹೊಗಳಿ ಮುಗಿಸುವುದು ನಮ್ಮ ಉದ್ದೇಶವಲ್ಲ. ಚಿಕಿತ್ಸೆಗೆ ಬೇಡವಾದ ಸಾಕ್ಷಿಯನ್ನು ಪಿಂಚಣಿಯ ಕಚೇರಿಯು ಕೇಳಿಯೇ ಕೇಳುತ್ತದೆ. ಅಂದಿನ ದಿನಚರಿ, ತಾಯಿಗೆ ಬರೆದ ಪತ್ರ, ಬೇರೆಡೆಗೆ ವರ್ಗ ಬೇಡಿದ ಅರ್ಜಿ ಇವುಗಳೂ ಆಧಾರಗಳಾಗಬಹುದೆಂದು ನಿಯಮವಿದ್ದರೂ, ೨೦೧೭ರ ಆರು ತಿಂಗಳಲ್ಲಿ ತಿರಸ್ಕರಿಸಿದ ಸುಮಾರು ೨,೭೦೦ ಅರ್ಜಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟನ್ನು ಕ್ರಮವಾಗಿ ಪರಿಶೀಲಿಸಿಯೇ ಇರಲಿಲ್ಲವೆಂದು ಇಲಾಖೆಯ ಸ್ವಂತ ತನಿಖಾಧಿಕಾರಿಯೇ ೨೦೧೮ರಲ್ಲಿ ವರದಿ ಮಾಡಿದನು. ದೂರು ಕೊಟ್ಟವರನ್ನು ಸ್ವಭಾವದೋಷದವರೆಂದು ಚೀಟಿ ಅಂಟಿಸಿ ಹೊರಗೆ ಕಳುಹಿಸಿದ ಕಥೆಗಳೂ ಬೇಕಾದಷ್ಟಿವೆ.

ನ್ಯಾಯವಂತೂ ಆಮೆಯ ನಡಿಗೆ. ದೂರನ್ನು ವಿಚಾರಣೆಗೆ ಒಪ್ಪಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ದಳಪತಿಗಳ ಕೈಯಿಂದ ತೆಗೆಯಬೇಕೆಂದು ಸೆನೆಟ್ ಸದಸ್ಯೆ ಕರ್ಸ್ಟನ್ ಗಿಲ್ಲಿಬ್ರಾಂಡ್ ೨೦೧೩ರಲ್ಲಿಯೇ ಮಸೂದೆ ತಂದರು. ೨೦೨೦ರಲ್ಲಿ ಟೆಕ್ಸಾಸಿನ ಫೋರ್ಟ್ ಹುಡ್ ಪಾಳಯದಲ್ಲಿ ಇಪ್ಪತ್ತು ವರ್ಷದ ವನೆಸಾ ಗಿಯೆನ್ ಎಂಬ ಸೈನಿಕ ತರುಣಿಯ ಕೊಲೆಯಾಯಿತು. ಕೊಂದವನಲ್ಲದ ಬೇರೊಬ್ಬ ಮೇಲಿನವನ ಕಿರುಕುಳವನ್ನು ಆಕೆಯು ಮೊದಲೇ ತಿಳಿಸಿದ್ದರೂ ಕ್ರಮ ಕೈಕೊಳ್ಳಲಿಲ್ಲವೆಂದು ಸೈನ್ಯವೇ ಒಪ್ಪಿಕೊಂಡಿತು. ೨೦೨೧ರಲ್ಲಿ ಕಾಯಿದೆಯಾಗಿ, ೨೦೨೩ರ ಡಿಸೆಂಬರ್ ೨೮ರಿಂದ ಆ ಅಧಿಕಾರವು ಸ್ವತಂತ್ರ ಸೈನಿಕ ವಕೀಲರ ಕೈಗೆ ಬಂದಿತು. ಕೆನಡ ದೇಶದಲ್ಲಿ ೨೦೧೯ರಲ್ಲಿ ಆದ ರಾಜಿಯಲ್ಲಿ ೯೦ ಕೋಟಿ ಡಾಲರುಗಳ ಪರಿಹಾರದ ಜೊತೆಗೆ, ನೊಂದವರು ತಮ್ಮ ಕಥೆಯನ್ನು ಸೈನ್ಯದ ಪ್ರತಿನಿಧಿಗಳ ಎದುರಿಗೆ ಕುಳಿತು ಹೇಳುವ ಏರ್ಪಾಡೂ ಸೇರಿದ್ದಿತು. ಹಣಕ್ಕಿಂತ ಅದನ್ನೇ ಹೆಚ್ಚೆಂದು ಬಗೆಯುವವರಿದ್ದರೆ ನಮಗೆ ಆಶ್ಚರ್ಯವಿಲ್ಲ.

ಇನ್ನು ನಮ್ಮ ಮನೆಯ ಮಾತು. ಭಾರತದ ಸೈನಿಕ ಪೊಲೀಸು ದಳದ ಮೊದಲ ೮೩ ಮಂದಿ ಸ್ತ್ರೀಯರು ತರಬೇತಾಗಿ ಹೊರಬಂದುದು ನಮ್ಮ ಬೆಂಗಳೂರಿನಿಂದಲೇ, ೨೦೨೧ನೆಯ ಮೇ ತಿಂಗಳಲ್ಲಿ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ೧೭ ಮಂದಿ ತರುಣಿಯರ ಮೊದಲ ತಂಡವು ೨೦೨೫ನೆಯ ಮೇ ತಿಂಗಳಲ್ಲಿ ಹೊರಬಂದಿತು. ಅವರನ್ನು ಕಂಡು ಹಿಗ್ಗಿದವರಲ್ಲಿ ನಾವೂ ಸೇರಿದ್ದೇವೆ. ಕೆಲಸದ ಸ್ಥಳದಲ್ಲಿ ಸ್ತ್ರೀಯರಿಗಾಗುವ ಕಿರುಕುಳವನ್ನು ತಡೆಯಲು ೨೦೧೩ರಲ್ಲಿ ಕಾಯಿದೆಯಾಗಿದೆ. ಆದರೆ ಆ ಕಾಯಿದೆಯ ಬಾಗಿಲು ತೆರೆಯುವುದು ಬರಹದ ದೂರಿನಿಂದ, ಅದೂ ಸಾಮಾನ್ಯವಾಗಿ ಮೂರು ತಿಂಗಳೊಳಗೆ. ದೂರು ಕೊಡಲು ಧೈರ್ಯವಾಗದವರೂ, ಹತ್ತು ವರ್ಷದ ಮೇಲೆ ಧೈರ್ಯ ಬಂದವರೂ, ಆ ಕಾಯಿದೆಯಲ್ಲಿ ಸ್ಥಾನವೇ ಇಲ್ಲದ ಸಿಪಾಯಿ ಹುಡುಗನೂ ಎಲ್ಲಿಗೆ ಹೋಗಬೇಕು? ಸೈನಿಕ ಆಸ್ಪತ್ರೆಗಳಲ್ಲಿಯೂ ಮಾಜಿ ಸೈನಿಕರ ಚಿಕಿತ್ಸಾಲಯಗಳಲ್ಲಿಯೂ, ದೂರನ್ನು ಕೇಳದೆ, ದಳಪತಿಗೆ ತಿಳಿಸದೆ, ಇಂತಹವರನ್ನು ಉಪಚರಿಸುವ ಒಬ್ಬ ಹೊಣೆಗಾರರನ್ನು ನಿಯಮಿಸಿ, ಅವರ ಹೆಸರನ್ನು ಗೋಡೆಯ ಮೇಲೆ ಬರೆಸಬೇಕೆಂದು ರಕ್ಷಣಾ ಸಚಿವಾಲಯವನ್ನು ಒತ್ತಾಯಪಡಿಸುತ್ತೇವೆ.

ಅಲ್ಲಿಯವರೆಗೆ ಕೈಗೆಟಕುವ ದಾರಿಯೊಂದುಂಟು. ೨೦೨೨ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸರ್ಕಾರದ ಉಚಿತ ದೂರವಾಣಿ ಸೇವೆಯು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ನಡೆಯುತ್ತದೆ. ಸೈನ್ಯದವರಿಗೂ ಅವರ ಕುಟುಂಬದವರಿಗೂ ಅದರ ಪ್ರತ್ಯೇಕ ಶಾಖೆಯು ೨೦೨೩ರ ಡಿಸೆಂಬರಿನಲ್ಲಿ ಪುಣೆಯ ಸೈನಿಕ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಿತು. ಸಂಖ್ಯೆಯು ೧೪೪೧೬. ಹಗಲಾಗಲಿ ಇರುಳಾಗಲಿ, ಕನ್ನಡದಲ್ಲಿಯೇ ಮಾತನಾಡಬಹುದು.