ತುಕ್ಕು ಹಿಡಿದ ಚಾಕು

ಕಲಬುರಗಿಯ ಎಷ್ಟೋ ಅಡುಗೆಮನೆಗಳಲ್ಲಿ ಒಂದು ಹಳೆಯ ಕಬ್ಬಿಣದ ಚಾಕು ಮೂಲೆ ಸೇರಿರುತ್ತದೆ. ಮೈಯೆಲ್ಲ ತುಕ್ಕು, ಅಲಗು ಮೊಂಡ. “ಒಗೀರಿ ಮುತ್ಯಾ, ಹೊಸಾದು ತರೂಣು” ಎನ್ನುತ್ತಾರೆ ಮೊಮ್ಮಕ್ಕಳು. ಒಗೆಯಬೇಡಿ. ಅದನ್ನು ಸರಿಮಾಡಲು ಒಂದು ರವಿವಾರ ಸಾಕು. ಹಾಗೆಂದು ಮೊಂಡಾಗಿಯೇ ಬಳಸಲೂ ಬೇಡಿ. ಮೊಂಡ ಚಾಕುವೇ ಹೆಚ್ಚು ಅಪಾಯ. ಆಯಿ ಉಳ್ಳಾಗಡ್ಡಿ ಹೆಚ್ಚುವಾಗ ಬಲವಾಗಿ ಒತ್ತಬೇಕಾಗುತ್ತದೆ, ಜಾರಿದರೆ ಬೆರಳಿಗೇ ಬರುತ್ತದೆ.

ಮೊದಲು ತುಕ್ಕು. ಹುಣಸೆಹಣ್ಣು ಕಿವುಚಿದ ಗಟ್ಟಿ ನೀರಿನಲ್ಲಿ ಅಲಗನ್ನಷ್ಟೇ ಎರಡು ತಾಸು ಮುಳುಗಿಸಿಡಿ. ಹುಳಿ ತುಕ್ಕನ್ನು ಸಡಿಲಿಸುತ್ತದೆ. ಬಹಳ ಹೊತ್ತು ಬಿಟ್ಟರೆ ಕಬ್ಬಿಣವನ್ನೂ ತಿನ್ನುತ್ತದೆ! ತೊಳೆದು, ಒರೆಸಿ, ಎಮರಿ ಪೇಪರಿನಿಂದ ತಿಕ್ಕಿ. ಹಿಂಬದಿಯಲ್ಲಿ 120 ಎಂದಿರುವುದು ಮೊದಲು, 400 ಆಮೇಲೆ. ಅಂಕಿ ಹೆಚ್ಚಿದಷ್ಟೂ ಕಾಗದ ನಯ.

ಇನ್ನು ಹರಿತ ಮಾಡುವುದು. ಚಾಕು ಮುತ್ಯಾನ ಕೈಯಲ್ಲಿರಲಿ, ಲೆಕ್ಕ ಮಕ್ಕಳದ್ದು. ನೋಟ್‌ಬುಕ್ ಹಾಳೆಯ ಮೂಲೆ 90 ಡಿಗ್ರಿ. ಸರಿಯಾಗಿ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ 22.5. ಆ ಮಡಿಕೆಯನ್ನು ಸಾಣೆಕಲ್ಲಿನ ಪಕ್ಕ ಹಿಡಿದು, ಅದೇ ಓರೆಯಲ್ಲಿ, ಇಲ್ಲವೇ ಕೂದಲೆಳೆಯಷ್ಟು ಕಡಿಮೆ, ಅಲಗನ್ನು ತೀಡಬೇಕು. ಕಲ್ಲು ಒದ್ದೆಯಿರಲಿ. ಒಂದು ಮಗ್ಗಲು ತೀಡುತ್ತ ಹೋದಂತೆ ಅಂಚಿನ ತೆಳು ಲೋಹ ಇನ್ನೊಂದು ಮಗ್ಗಲಿಗೆ ಮಗುಚಿ ನಿಲ್ಲುತ್ತದೆ. ಅದು ಉದ್ದಕ್ಕೂ ಕಂಡ ಮೇಲೆಯೇ ಚಾಕು ತಿರುಗಿಸಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ, ಬೆನ್ನು ಮುಂದಾಗಿ ನಾಲ್ಕೈದು ಸಲ ಎಳೆದರೆ ಮಗುಚಿದ್ದು ಉದುರುತ್ತದೆ.

ಬೇಗ ಮುಗಿಯಲೆಂದು ಮೋಟಾರ್ ಕಲ್ಲಿಗೆ ಹಿಡಿಯುವವರಿದ್ದಾರೆ. ನನಗದು ಸೇರದು. ಕಿಡಿ ಹಾರುವಾಗ ಅಂಚು ಕಾದು, ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿದರೆ ನೀಲಿಯಾಗುತ್ತದೆ. ನೀಲಿಯಾದ ಉಕ್ಕು ಮೆತ್ತಗಾಗಿ, ಹರಿತ ಬೇಗ ಹೋಗುತ್ತದೆ.

ಕೆಲವು ಚಾಕುಗಳ ಮೇಲೆ ತುಕ್ಕಿಲ್ಲದಿದ್ದರೂ ಕಪ್ಪು ಇರುತ್ತದೆ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಕೇಳಿ ನೋಡಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು ಅದು. ಬಾಳೆಯ ಸೊನೆಯಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಆ ಕಪ್ಪು ಕೆಡುಕಲ್ಲ, ತಿಕ್ಕಿ ತೆಗೆಯಲೇಬೇಕೆಂಬ ಹಟ ಬೇಡ. ಕಾಯಿ ಹೆಚ್ಚಿದ ಕೂಡಲೇ ತೊಳೆದು ಒರೆಸಿಟ್ಟರಾಯಿತು.

ಕೊನೆಗೆ ಎಣ್ಣೆ. ನಮ್ಮ ಕಡೆಯ ಕುಸುಬಿ ಎಣ್ಣೆಯನ್ನು ಕಟ್ಟಿಗೆಯ ಹಿಡಿಗೆ ಹಚ್ಚಿ. ಅದು ನಿಧಾನಕ್ಕೆ ಒಣಗಿ ಪದರವಾಗುತ್ತದೆ. ಅದೇ ಗುಣದಿಂದ ಅಲಗಿನ ಮೇಲೆ ಅಂಟಂಟಾಗುತ್ತದೆ, ಅಲ್ಲಿಗೆ ಕೊಬ್ಬರಿ ಎಣ್ಣೆಯೇ ಸರಿ, ಒಂದು ಹನಿ ಸಾಕು.

ಟೊಮ್ಯಾಟೊ ಮೇಲೆ ಇಟ್ಟು ಮೆಲ್ಲಗೆ ಎಳೆದು ನೋಡಿ, ಸಿಪ್ಪೆ ತಾನಾಗಿ ಸೀಳಬೇಕು. ಆಯಿಯ ಕೈಗೆ ಕೊಡುವಾಗ ಮಾತ್ರ ಮರೆಯದೆ ಹೇಳಿ: “ಆಯಿ, ಮೊದಲಿನಂಗ ಒತ್ತಬ್ಯಾಡ್ರಿ, ಈಗ ಭಾಳ ಹರಿತದ.”